ಅಷ್ಟೂರಿನ ಒಡೆದ ಗುಮ್ಮಟ

ಹಲಬರ್ಗಾದ ಸ್ನೇಹಿತರ ಮನೆಯಿಂದ ಬೀದರಿಗೆ ಹೊರಟಾಗ, ಆ ಮನೆಯ ಹಿರಿಯರಾದ ಆಯಿ ಹೊಸ್ತಿಲವರೆಗೆ ಬಂದು ಎಚ್ಚರಿಸಿದರು: “ತಮ್ಮಾ, ಅಷ್ಟೂರಿಗಿ ಹೋದ್ರ ಹೊತ್ತು ಮುಳುಗೂದ್ರಾಗ ತಿರುಗಿ ಬಾ. ಜಾಲಿಮ್ ಬಾದಶಹಾನ ಗೋರಿ ಹತ್ರ ನಿಲ್ಲಬ್ಯಾಡ.” ನಾನು ನಕ್ಕೆ. ಆಯಿ ನಗಲಿಲ್ಲ.

ಬೀದರ ಪಟ್ಟಣದ ಪೂರ್ವಕ್ಕೆ, ಅಷ್ಟೂರಿನ ಬಯಲಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಬಲು ಪ್ರಸಿದ್ಧವಾದುದು 1436ರಲ್ಲಿ ತೀರಿಕೊಂಡ ಅಹಮದ್ ಶಹಾ ವಲಿಯದು. ಗುಲಬರ್ಗೆಯಿಂದ ರಾಜಧಾನಿಯನ್ನು ಬೀದರಿಗೆ ತಂದವನು ಈತನೇ. ಒಳಗೋಡೆಗಳ ಬಣ್ಣದ ಚಿತ್ತಾರ ಇಂದಿಗೂ ಕಣ್ಣು ಸೆಳೆಯುತ್ತದೆ. ಮುಸಲ್ಮಾನರಿಗೆ ಈತ ವಲಿ. ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ವರ್ಷದ ಉರುಸಿಗೆ ಮಾಡ್ಯಾಳದ ಜಂಗಮರು ಪರಿವಾರದೊಡನೆ ಬರುತ್ತಾರೆ. ಇಲ್ಲಿ ದೆವ್ವದ ಮಾತೇ ಇಲ್ಲ.

ಅದೇ ಸಾಲಿನಲ್ಲಿ ಅವನ ಮೊಮ್ಮಗ ಹುಮಾಯೂನನ ಗೋರಿಯಿದೆ. ಸಿಡಿಲೆರಗಿ ಗುಮ್ಮಟದ ಬಹುಭಾಗ ಕುಸಿದಿದೆ. ಉಳಿದುದು ಒಡೆದ ಮಡಕೆಯಂತೆ ಆಕಾಶಕ್ಕೆ ಬಾಯ್ದೆರೆದಿದೆ. 1458ರಿಂದ 1461ರವರೆಗೆ ಮೂರೇ ವರ್ಷ ಆಳಿದ ಈ ಅರಸನಿಗೆ ‘ಜಾಲಿಮ್’, ಅಂದರೆ ಕ್ರೂರಿ, ಎಂಬ ಹೆಸರು ಅಂಟಿತು. ಮಣ್ಣು ಕೊಟ್ಟ ಮೇಲೂ ದೇವರು ಅವನನ್ನು ಬಿಡಲಿಲ್ಲ, ಸಿಡಿಲೇ ತೀರ್ಪು ಎಂಬುದು ಕತೆ. ಆದರೆ ಅವನ ಕ್ರೌರ್ಯವನ್ನು ವಿಸ್ತಾರವಾಗಿ ಬಣ್ಣಿಸಿದ ಫಿರಿಸ್ತಾ ಬಾಳಿದುದು ಒಂದು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ. ಆ ವರ್ಣನೆಯಲ್ಲಿ ಉತ್ಪ್ರೇಕ್ಷೆಯಿದೆಯೆಂದು ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿಯವರು ವಾದಿಸಿದ್ದಾರೆ. ಸಿಡಿಲಿಗೆ ಇದರ ವಿಚಾರಣೆಯೆಲ್ಲಿಯದು!

ಬೀದರಿನ ಇನ್ನೊಂದು ಕತೆಯಲ್ಲಿ ಮಾತ್ರ ನ್ಯಾಯ ಯಾರ ಕಡೆಗಿತ್ತೆಂಬ ಸಂದೇಹವಿಲ್ಲ. ಹುಮಾಯೂನನ ಮಗ ಮೂರನೆಯ ಮಹಮ್ಮದನ ಮಂತ್ರಿ ಮಹಮೂದ್ ಗಾವಾನ್, 1472ರಲ್ಲಿ ಇಲ್ಲಿ ಮದರಸೆಯನ್ನು ಕಟ್ಟಿಸಿದ ವಿದ್ವಾಂಸ. ಹಗೆಗಳು ಅವನ ಮುದ್ರೆಯೊತ್ತಿದ ಹಾಳೆಯ ಮೇಲೆ ರಾಜದ್ರೋಹದ ಸುಳ್ಳು ಪತ್ರ ಬರೆದರು. ಸುಲ್ತಾನ ವಿಚಾರಿಸದೆ 1481ರಲ್ಲಿ ಆ ವೃದ್ಧನ ತಲೆ ಹೊಡೆಸಿದ. ನಿಜ ತಿಳಿದಾಗ ಪಶ್ಚಾತ್ತಾಪವಷ್ಟೇ ಉಳಿದಿತ್ತು. ಮರುವರ್ಷವೇ ಸುಲ್ತಾನನೂ ಸತ್ತ. ಕೊನೆಗಾಲದ ಸನ್ನಿಯಲ್ಲಿ, ಗಾವಾನನೇ ಬಂದು ತನ್ನನ್ನು ಕೊಲ್ಲುತ್ತಿದ್ದಾನೆಂದು ಅವನು ಕೂಗಿಕೊಂಡನೆಂಬುದು ಫಿರಿಸ್ತಾನ ಬರಹ.

ಮದರಸೆಯ ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ನಿಂತಿರುವುದು ಒಂದೇ. ಗಾವಾನನ ಸಮಾಧಿ ಬೀದರಿನ ಹೊರಗೆ ಗೋರ್ನಳ್ಳಿಯಲ್ಲಿದೆ. ಅದಕ್ಕೆ ಗುಮ್ಮಟವಿಲ್ಲ, ವೈಭವವಿಲ್ಲ. ಅಲ್ಲಿ ನಿಂತಾಗ ಭಯವಾಗಲಿಲ್ಲ. ಅಪಮಾನಿತನಾಗಿ ಸತ್ತ ಹಿರಿಯನೊಬ್ಬನ ಎದುರು ಮಾತು ನಿಂತಂತಾಯಿತು.

ಹಲಬರ್ಗಾಕ್ಕೆ ಮರಳುವಷ್ಟರಲ್ಲಿ ದೀಪ ಹತ್ತಿತ್ತು. ಆಯಿಗೆ ಈ ಕತೆ ಹೇಳಿ, “ಸತ್ತವನು ಎದ್ದು ಬರುತ್ತಾನೆಯೇ?” ಎಂದು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದರು: “ಅರಸನ್ನ ಕೇಳಾಕ ಬ್ಯಾರೆ ಯಾರಿದ್ರು, ತಮ್ಮಾ?”