ಕೋಡಿ ಬಿದ್ದ ಕೆರೆ ಖಾಲಿಯಾಗಲ್ಲ

ಇಂಜಿನಿಯರಿಂಗ್ ಓದಿದವನು ನಾನು. ಆದರೂ ಒಂದು ಸಣ್ಣ ತೆರಿಗೆ ಲೆಕ್ಕದಲ್ಲಿ ಎಡವಿದೆ. ಅದಕ್ಕೆ ಒಂದು ವರ್ಷ ಬಡ್ಡಿ ಕಟ್ಟಿದ್ದು ಊರಲ್ಲಿರುವ ಅಪ್ಪ.

ಅಮೆರಿಕದಲ್ಲಿ ನನ್ನ ಮೊದಲ ಕೆಲಸ ಟೆಕ್ಸಾಸ್‌ನಲ್ಲಿ. ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಫೆಡರಲ್ ತೆರಿಗೆ ಕಟ್ಟಿದರೆ ಮುಗೀತು. 2023ರ ಕೊನೆಗೆ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಇಲ್ಲಿ ರಾಜ್ಯಕ್ಕೂ ಕಟ್ಟಬೇಕು, 1ರಿಂದ 12.3 ಪರ್ಸೆಂಟ್‌ವರೆಗೆ ಒಂಬತ್ತು ಸ್ಲ್ಯಾಬ್.

ನನ್ನ ಸಂಬಳ 76,000 ಡಾಲರ್. 2024ರಲ್ಲಿ ಒಂಟಿ ವ್ಯಕ್ತಿಗೆ ರಾಜ್ಯ ಕೊಟ್ಟ ಸ್ಟ್ಯಾಂಡರ್ಡ್ ಡಿಡಕ್ಷನ್ 5,540. ಅದನ್ನು ಕಳೆದರೆ 70,460. ಆ ವರ್ಷ ಶೇ. 9.3ರ ಸ್ಲ್ಯಾಬ್ ಶುರುವಾಗುತ್ತಿದ್ದುದು 70,606ರ ಮೇಲೆ. ಅಂದರೆ ಗಡಿಯ ಈಚೆಗೇ ನಿಂತಿದ್ದೆ.

ಆಗ ಮ್ಯಾನೇಜರ್ ಕೇಳಿದರು: "ವೀಕೆಂಡ್ ಆನ್-ಕಾಲ್ ನೋಡ್ಕೊಳ್ತೀಯಾ? ವರ್ಷಕ್ಕೆ 5,000 ಡಾಲರ್ ಜಾಸ್ತಿ." ನಾನು ಬೇಡ ಅಂದೆ. ಸ್ಲ್ಯಾಬ್ ದಾಟಿದರೆ ಪೂರ್ತಿ ಸಂಬಳಕ್ಕೂ ಶೇ. 9.3 ಬೀಳುತ್ತೆ ಅಂತ ನಂಬಿದ್ದೆ. ಅದೇ ವರ್ಷ ಬೋರ್‌ವೆಲ್ ಸಾಲ ತೀರಿಸೋಕೆ ಅಪ್ಪ ದುಡ್ಡು ಕೇಳಿದಾಗ, "ಈ ವರ್ಷ ಆಗಲ್ಲ ಅಪ್ಪ" ಅಂದುಬಿಟ್ಟೆ.

ಮುಂದಿನ ಏಪ್ರಿಲ್‌ನಲ್ಲಿ ರಿಟರ್ನ್ ತುಂಬುತ್ತಾ ಆ 5,000 ಸೇರಿಸಿ ನೋಡಿದೆ. ರಾಜ್ಯದ ತೆರಿಗೆ ಹೆಚ್ಚಾಗಿದ್ದು ಬರೀ 463 ಡಾಲರ್. ಹೊಸ ದರ ಬೀಳುವುದು ಗಡಿ ದಾಟಿದ ಹಣಕ್ಕೆ ಮಾತ್ರ. ಕೆಳಗಿನ ಹಣಕ್ಕೆ ಹಳೇ ದರವೇ. ಸ್ಲ್ಯಾಬ್ ದಾಟಿದ್ದಕ್ಕೆ ಅಂತಲೇ ಬೀಳುತ್ತಿದ್ದ ಹೆಚ್ಚುವರಿ ಹೊರೆ 63 ಡಾಲರ್! ಫೆಡರಲ್ ತೆರಿಗೆ, ಸೋಷಿಯಲ್ ಸೆಕ್ಯುರಿಟಿ ಎಲ್ಲ ಕಳೆದರೂ ಕೈಗೆ ಸುಮಾರು 3,000 ಉಳಿಯುತ್ತಿತ್ತು. ನಮ್ಮ ದುಡ್ಡಲ್ಲಿ ಎರಡೂವರೆ ಲಕ್ಷ.

ಡಿಡಕ್ಷನ್‌ನಲ್ಲೂ ಒಂದು ಪಾಠ ಕಲಿತೆ. ಆರೋಗ್ಯ ಉಳಿತಾಯ ಖಾತೆ ಎಚ್‌ಎಸ್‌ಎಗೆ ಹಾಕಿದ ಹಣವನ್ನು ಫೆಡರಲ್ ಲೆಕ್ಕದಲ್ಲಿ ಕಳೆಯುತ್ತಾರೆ. ಕ್ಯಾಲಿಫೋರ್ನಿಯಾ ಅದನ್ನು ಒಪ್ಪಲ್ಲ, ಮತ್ತೆ ಆದಾಯಕ್ಕೆ ಸೇರಿಸುತ್ತೆ. ನಿವೃತ್ತಿಯ 401ಕೆ ಖಾತೆಗೆ ಸಂಬಳದಿಂದ ಹಾಕಿದ್ದನ್ನು ಮಾತ್ರ ಎರಡೂ ಕಡೆ ಬಿಡುತ್ತಾರೆ.

ನಾಚಿಕೆಯಿಂದಲೇ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲಪ್ಪಾ, ಮೇಲಿನ ಕೆರೆ ಕೋಡಿ ಬಿದ್ರೆ ಹೆಚ್ಚಾದ ನೀರು ತಾನೇ ಕೆಳಗಿನ ಕೆರೆಗೆ ಹೋಗೋದು? ಮೇಲಿನ ಕೆರೆ ಖಾಲಿ ಆಗುತ್ತಾ?"

ನಾಲ್ಕು ವರ್ಷದ ಡಿಗ್ರಿ ಹೇಳಿಕೊಡದಿದ್ದನ್ನು ಒಂದೇ ಮಾತಲ್ಲಿ ಹೇಳಿದರು. ಬಡ್ಡಿ ಎಷ್ಟಾಯ್ತು ಅಂತ ಕೇಳಿದೆ. "ಅದು ಬಿಡು, ಊಟ ಆಯ್ತಾ?" ಅಂದರು.

ಈಗ ಆನ್-ಕಾಲ್ ಒಪ್ಪಿಕೊಂಡಿದ್ದೇನೆ. ಭಾನುವಾರ ಬೆಳಗಿನ ಜಾವ ಫೋನ್ ಹೊಡೆದುಕೊಂಡರೆ ಬೈಕೊಂಡೇ ಏಳ್ತೀನಿ. ಬೋರ್‌ವೆಲ್ ಸಾಲ ಮಾತ್ರ ಅರ್ಧಕ್ಕೆ ಇಳಿದಿದೆ.

ನಿಮಗೂ ಹೆಚ್ಚಿನ ಸಂಬಳ ಬಂದು, ಸ್ಲ್ಯಾಬ್ ನೋಡಿ ಹಿಂಜರಿಕೆಯಾದರೆ, ಬೇಡ ಅನ್ನುವ ಮುಂಚೆ ಹೆಚ್ಚಾಗುವ ಹಣಕ್ಕಷ್ಟೇ ಲೆಕ್ಕ ಹಾಕಿ ನೋಡಿ.