‘ಶಲ್’ ಇದೆಯೋ, ‘ಮೇ’ ಇದೆಯೋ?

ಶಾಲೆಯಲ್ಲಿ ‘ಕ್ಯಾನ್’, ‘ಮೇ’, ‘ಶಲ್’, ‘ಮಸ್ಟ್’ ಅಂತ ಬಾಯಿಪಾಠ ಮಾಡಿಸಿದ್ದರು. ‘ಐ’, ‘ವೀ’ ಬಂದರೆ ‘ಶಲ್’, ಉಳಿದವಕ್ಕೆ ‘ವಿಲ್’. ಅಷ್ಟೇ ಪಾಠ. ಈ ಪುಟ್ಟ ಪದಗಳಿಗೆ ಎಷ್ಟು ತೂಕ ಅಂತ ತಿಳಿದದ್ದು ವರದಿಗಾಗಿ ಸಂವಿಧಾನದ ಪಂಚಾಯ್ತಿ ಭಾಗ ಓದಿದಾಗ.

ಕಾನೂನಿನಲ್ಲಿ ‘ಶಲ್’ ಅಂದರೆ ಸಾಮಾನ್ಯವಾಗಿ ಮಾಡಲೇಬೇಕು. ನಮ್ಮ ಸರ್ಕಾರಿ ಕನ್ನಡದ ‘ತಕ್ಕದ್ದು’ ಅದೇ. ‘ಮೇ’ ಅಂದರೆ ಮಾಡಬಹುದು, ಬಿಡಲೂಬಹುದು. ಕೆಲವೊಮ್ಮೆ ಕೋರ್ಟು ‘ಮೇ’ಯನ್ನೂ ಮಾಡಲೇಬೇಕು ಎಂದು ಓದಿದ್ದುಂಟು, ಆ ಮಾತು ಬೇರೆ.

1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯನ್ನೇ ನೋಡಿ. ಹಳ್ಳಿ ಮಟ್ಟದಲ್ಲಿ ಪಂಚಾಯ್ತಿ ಇರಬೇಕು ಎನ್ನುವ 243ಬಿ ವಿಧಿಯಲ್ಲಿ ‘ಶಲ್’ ಇದೆ. ಐದು ವರ್ಷದ ಅವಧಿ ತೀರುವುದರೊಳಗೆ ಚುನಾವಣೆ ಮುಗಿಸಬೇಕು ಎನ್ನುವಲ್ಲೂ ‘ಶಲ್’. ಆದರೆ ಪಂಚಾಯ್ತಿಗೆ ಅಧಿಕಾರ ಕೊಡುವ 243ಜಿಗೆ ಬಂದರೆ ‘ಮೇ’: ರಾಜ್ಯದ ಶಾಸಕಾಂಗ ಕೊಡಬಹುದು. ಗ್ರಾಮಸಭೆಯ 243ಎ ವಿಧಿಯಲ್ಲಂತೂ ಒಂದೇ ವಾಕ್ಯಕ್ಕೆ ಎರಡು ‘ಮೇ’. ಮನೆ ಕಟ್ಟಿಸಲೇಬೇಕು, ಬೀಗದಕೈ ಮಾತ್ರ ಮನಸ್ಸಿದ್ದರೆ ಕೊಡಿ ಅಂದಹಾಗಾಯಿತು. ಗ್ರಾಮಸಭೆಯಲ್ಲಿ ಗಂಟಲು ಹರಿದುಕೊಂಡರೂ ಎಷ್ಟೋ ಕೆಲಸ ಆಗದಿರುವುದಕ್ಕೆ ಈ ‘ಮೇ’ಯೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಮಾಹಿತಿ ಹಕ್ಕು ಕಾಯ್ದೆ, 2005 ಹಾಗಲ್ಲ. ಅದರ 7ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಅರ್ಜಿಗೆ 30 ದಿನದೊಳಗೆ ಮಾಹಿತಿ ಕೊಡಬೇಕು, ಇಲ್ಲವೇ ತಿರಸ್ಕರಿಸಿ ಕಾರಣ ತಿಳಿಸಬೇಕು. ಎರಡೂ ಕಡೆ ‘ಶಲ್’. ಕಚೇರಿಯಲ್ಲಿ “ನೋಡೋಣ, ಆದ್ರೆ ಕೊಡ್ತೀವಿ” ಅನ್ನಿಸಿಕೊಂಡು ವಾಪಸ್ ಬಂದವರಿಗೆ ನಾನು ಆ ಪುಟದ ಜೆರಾಕ್ಸ್ ತೆಗೆದು, ‘ಶಲ್’ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಡುತ್ತೇನೆ.