ಸ್ವಲ್ಪ ಸೈಡ್ ಬಿಡಿ ಸಾರ್

"ನೀನು ಓಡೋದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು?" ಎಂದು ಚಿಕ್ಕಪ್ಪ ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಲೆಗೆ ಹೋಗದೆ. ಕಿವಿ ಕೇಳದ ಮಕ್ಕಳ ಶಾಲೆಯೊಂದಕ್ಕೆ ಹಣ ಕೂಡಿಸಲು ಹತ್ತು ಕಿಲೋಮೀಟರ್ ಓಡುತ್ತೇನೆಂದು ನಾನು ಹೆಸರು ಕೊಟ್ಟಿದ್ದೆ. ಮಕ್ಕಳಿಗೆ ಕೊಡುವುದಾದರೆ ನೇರವಾಗಿ ಕೊಟ್ಟರಾಯಿತು, ನಡುವೆ ನಿನ್ನ ಮಂಡಿ ಯಾಕೆ ಸವೆಯಬೇಕು ಎಂಬುದು ಅವರ ವಾದ. ಜೀವಮಾನವೆಲ್ಲ ಲೆಕ್ಕ ತಪಾಸಣೆ ಮಾಡಿದ ಮನುಷ್ಯ. ತೆರಿಗೆ ವಿನಾಯಿತಿಯ 80ಜಿ ರಸೀದಿ ಬರುತ್ತದೆಂದು ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡು ಎರಡು ಸಾವಿರ ಕೊಟ್ಟರು. "ನೀನು ಓಡದೇ ಹೋದ್ರೂ ವಾಪಸ್ ಕೇಳಲ್ಲ ಬಿಡು" ಎಂದು ಧೈರ್ಯವನ್ನೂ ಹೇಳಿದರು.

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಇದೇ ಚಿಕ್ಕಪ್ಪ ಬಸ್ಸಿರಲಿಲ್ಲವೇ ಎಂದು ಕೇಳುವುದಿಲ್ಲ. ಹರಕೆ ಎಂದರೆ ಅವರಿಗೆ ಅರ್ಥವಾಗುತ್ತದೆ. ಅಲ್ಲಿ ಮೈ ದಂಡಿಸಿದವರಿಗೇ ಫಲ. ದತ್ತಿ ಓಟದಲ್ಲಿ ಬೆವರು ಒಬ್ಬರದು, ಜೇಬು ಇನ್ನೊಬ್ಬರದು, ಫಲ ಮೂರನೆಯವರದು. ಈ ಲೆಕ್ಕ ಕೂಡಿಬರುತ್ತದೆಂದು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಮೊದಲು ನೆನಪಿಗೆ ಬರುವುದು ಕೆನಡಾದ ಟೆರಿ ಫಾಕ್ಸ್. ಮೂಳೆಯ ಕ್ಯಾನ್ಸರಿಗೆ ಬಲಗಾಲು ಕಳೆದುಕೊಂಡಿದ್ದ ಹುಡುಗ. 1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯ ಸೇಂಟ್ ಜಾನ್ಸ್‌ನಿಂದ ಕೃತಕ ಕಾಲು ಕಟ್ಟಿಕೊಂಡು ಹೊರಟ. ಪಶ್ಚಿಮದ ಕಡಲು ಮುಟ್ಟುವುದು ಅವನ ಆಸೆ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ದೂರ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ಥಂಡರ್ ಬೇ ಊರಿನ ಬಳಿ ನಿಲ್ಲಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಕೆನಡಾದ ಪ್ರತಿ ಪ್ರಜೆಯಿಂದ ಒಂದೊಂದು ಡಾಲರ್ ಬರಬೇಕೆಂದು ಅವನು ಕೇಳಿದ್ದ. ಮರುವರ್ಷ ಫೆಬ್ರುವರಿ ಹೊತ್ತಿಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ದಾಟಿತು, ಅಂದರೆ ತಲೆಗೊಂದು ಬಂದಂತೆಯೇ. ಜೂನ್ ತಿಂಗಳಲ್ಲಿ ಅವನು ತೀರಿಕೊಂಡ, ಇಪ್ಪತ್ತೆರಡರ ವಯಸ್ಸು. ಆ ಸೆಪ್ಟೆಂಬರಿನಿಂದ ಅವನ ಹೆಸರಿನಲ್ಲಿ ನಡೆಯುತ್ತಿರುವ ಓಟದಲ್ಲಿ ಮೊದಲನೆಯವರು, ಎರಡನೆಯವರು ಎಂಬುದಿಲ್ಲ, ಬಹುಮಾನವೂ ಇಲ್ಲ. ಅದು ಸ್ಪರ್ಧೆಯಾಗಬಾರದು ಎಂಬುದು ಅವನದೇ ಇಚ್ಛೆಯಾಗಿತ್ತು.

ನಮ್ಮ ಓಟಗಳು ಅಷ್ಟು ಸನ್ಯಾಸಿಗಳಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟವನ್ನೇ ನೋಡಿ. ಮುಂದೆ ಇಪ್ಪತ್ತೆಂಟು ನಿಮಿಷದ ಆಸುಪಾಸಿನಲ್ಲಿ ಮುಗಿಸುವ ಕೀನ್ಯಾ, ಇಥಿಯೋಪಿಯಾದವರು. ನಡುವೆ ಗಂಟೆಯೊಳಗೆ ಮುಗಿಸಲೇಬೇಕೆಂದು ವಾಚು ನೋಡಿಕೊಂಡು ಓಡುವ ಐಟಿಯವರು, ಬ್ಯಾಂಕಿನವರು. ಜತೆಗೆ ಯಕ್ಷಗಾನದ ಕಿರೀಟ, ಕೆರೆ ಉಳಿಸಿ ಎಂಬ ಫಲಕ, ಅಜ್ಜಿ ಮೊಮ್ಮಕ್ಕಳೆಲ್ಲ ಸೇರುವ ಮಜಾ ರನ್. ಎಲ್ಲರಿಗೂ ಅವೇ ರಸ್ತೆಗಳು. ಹೊಸೂರು ರಸ್ತೆಯಲ್ಲಿ ಲಾರಿ, ಬೈಕು, ತಳ್ಳುಗಾಡಿ ಹೇಗೋ ಹೊಂದಿಕೊಂಡು ಹೋಗುವ ಈ ಊರಿನ ಜನಕ್ಕೆ ಕಾಲಲ್ಲಿ ಓಡುವಾಗ ಮಾತ್ರ ಅದು ಮರೆತುಹೋಗುತ್ತದೆ.

ಮೊದಲ ನೂಕುನುಗ್ಗಲು ಗನ್ ಹಾರುವ ಮೊದಲೇ. ಎದೆಗೆ ಚುಚ್ಚಿಕೊಳ್ಳುವ ನಂಬರು ಚೀಟಿಯ, ಅಂದರೆ ಬಿಬ್ಬಿನ, ಹಿಂಬದಿಯಲ್ಲಿ ತೆಳ್ಳಗಿನ ಚಿಪ್ ಇರುತ್ತದೆ. ನೆಲಕ್ಕೆ ಹಾಸಿದ ಮ್ಯಾಟ್ ದಾಟಿದಾಗ ನಿಮ್ಮ ಗಡಿಯಾರ ಶುರು, ಕೊನೆಯ ಮ್ಯಾಟ್ ದಾಟಿದಾಗ ಬಂದ್. ಹಿಂದೆ ನಿಂತು ಹತ್ತು ನಿಮಿಷ ತಡವಾಗಿ ಹೊರಟರೂ ನಿಮ್ಮ ಟೈಮಿಗೆ ಒಂದು ಸೆಕೆಂಡೂ ನಷ್ಟವಿಲ್ಲ. 1990ರ ದಶಕದಲ್ಲಿ ಈ ಚಿಪ್ ಬಂದ ಮೇಲೆ ಮುಂದೆ ನುಗ್ಗಲು ಕಾರಣವೇ ಉಳಿದಿಲ್ಲ. ಆದರೂ ನುಗ್ಗುತ್ತಾರೆ. ನುಗ್ಗಿ, ಮೊದಲ ಕಿಲೋಮೀಟರಿಗೇ ಏದುಸಿರು ಬಂದು, ರಸ್ತೆಯ ನಟ್ಟನಡುವೆ ಗಕ್ಕನೆ ನಿಲ್ಲುತ್ತಾರೆ. ಹಿಂದೆ ಬರುತ್ತಿರುವವರ ಗತಿ ಏನು? ನಿಲ್ಲಬೇಕೆನಿಸಿದರೆ ಒಂದು ಕೈ ಮೇಲೆತ್ತಿ, ಹಿಂದೆ ನೋಡಿ, ಎಡಕ್ಕೆ ಸರಿದು ಆಮೇಲೆ ನಡೆಯಬೇಕು. ನಾಲ್ಕು ಜನ ಗೆಳತಿಯರು ಕೈಕೈ ಹಿಡಿದು ರಸ್ತೆಯ ಅಗಲಕ್ಕೂ ಹೊರಟರೆ "ಸ್ವಲ್ಪ ಸೈಡ್ ಬಿಡಿ ಮೇಡಂ" ಎನ್ನಬಹುದು, ಆದರೆ ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಅದೂ ದಂಡ.

ಇನ್ನು ಬಿಬ್ ಸಾಲ ಕೊಡುವವರು. "ನಂಗೆ ಜ್ವರ, ನಮ್ಮ ಭಾವಮೈದ ಓಡ್ತಾನೆ, ದುಡ್ಡು ಕಟ್ಟಿದ್ದು ವೇಸ್ಟ್ ಆಗಬಾರದಲ್ಲ!" ಬಿಬ್ಬಿನ ಹಿಂದೆ ರಕ್ತದ ಗುಂಪು, ತುರ್ತಿಗೆ ಕರೆಯಬೇಕಾದ ನಂಬರು ಬರೆಯಲು ಜಾಗ ಇರುವುದು ಸುಮ್ಮನೆ ಅಲ್ಲ. ಭಾವಮೈದ ತಲೆ ತಿರುಗಿ ಬಿದ್ದರೆ ಡಾಕ್ಟರ ಕೈಗೆ ಸಿಗುವುದು ಮನೆಯಲ್ಲಿ ಗಂಜಿ ಕುಡಿಯುತ್ತಿರುವವನ ರಕ್ತದ ಗುಂಪು. ಗಂಡ ಹೆಂಡತಿಯ ಬಿಬ್ ತೊಟ್ಟು ಓಡಿದರಂತೂ ಮಹಿಳೆಯರ ಪಟ್ಟಿಯೇ ಬುಡಮೇಲು.

ಮೊಣಕೈ ತಾಗಿದ್ದಕ್ಕೆ ರಸ್ತೆಯಲ್ಲೇ ಜಗಳಕ್ಕೆ ನಿಂತವರನ್ನು ಕಂಡಾಗಲೆಲ್ಲ ನನಗೆ ಕ್ರಿಸ್ ಬ್ರಾಶರ್ ನೆನಪಾಗುತ್ತಾನೆ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿದನಲ್ಲ, ಆ ಓಟದ ಮೊದಲೆರಡು ಸುತ್ತು ಅವನ ಮುಂದೆ ಓಡಿ ವೇಗ ಹಿಡಿದುಕೊಟ್ಟವನು ಈ ಬ್ರಾಶರ್. ಹೆಸರು ಇನ್ನೊಬ್ಬನಿಗೆ ಬರಲೆಂದು ಓಡಿದವನು. ಎರಡು ವರ್ಷದ ಮೇಲೆ ಮೆಲ್ಬರ್ನ್ ಒಲಿಂಪಿಕ್ಸಿನ ಸ್ಟೀಪಲ್‌ಚೇಸ್‌ನಲ್ಲಿ ತಾನೇ ಮೊದಲಿಗನಾಗಿ ಬಂದ. ಬಂದ ಕೂಡಲೇ ಅನರ್ಹ ಎಂದರು. ಅಡ್ಡಕಂಬ ದಾಟುವಲ್ಲಿ ನಾರ್ವೆಯ ಎರ್ನ್ಸ್ಟ್ ಲಾರ್ಸನ್‌ಗೆ ಅಡ್ಡಿ ಮಾಡಿದನೆಂದು ಆರೋಪ. ತಮಾಷೆಯೆಂದರೆ ಲಾರ್ಸನ್ ದೂರು ಕೊಟ್ಟೇ ಇರಲಿಲ್ಲ. ಮೇಲ್ಮನವಿ ಹೋಗಿ, ಚಿನ್ನ ಬ್ರಾಶರ್‌ಗೇ ವಾಪಸಾಯಿತು. ಬ್ರಾಶರ್ ಅನರ್ಹನಾಗಿಯೇ ಉಳಿದಿದ್ದರೆ ಲಾರ್ಸನ್‌ನ ಕಂಚು ಬೆಳ್ಳಿಯಾಗುತ್ತಿತ್ತು, ಆದರೂ ಅವನು ತಾಗಿದ್ದನ್ನು ದೊಡ್ಡದು ಮಾಡಲಿಲ್ಲ. ನಮ್ಮಲ್ಲಿ ಎರಡು ಸಾವಿರದ ಚಿಲ್ಲರೆ ಸ್ಥಾನದಲ್ಲಿರುವವರು ಶರ್ಟಿನ ಕಾಲರ್ ಹಿಡಿಯುತ್ತಾರೆ.

ಅದೇ ಬ್ರಾಶರ್ ಗೆಳೆಯ ಜಾನ್ ಡಿಸ್ಲಿಯ ಜತೆ ಸೇರಿ ಲಂಡನ್ ಮ್ಯಾರಥಾನ್ ಶುರುಮಾಡಿದ. 1981ರ ಮಾರ್ಚ್ 29, ಮಳೆ ಹಿಡಿದ ದಿನ. ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ, ನಾರ್ವೆಯ ಇಂಗೆ ಸಿಮೊನ್ಸೆನ್ ಇಬ್ಬರೂ ಕೈ ಹಿಡಿದುಕೊಂಡು ಒಟ್ಟಿಗೇ ಗೆರೆ ದಾಟಿದರು. ಇಬ್ಬರಿಗೂ ಮೊದಲ ಸ್ಥಾನ. ದೇಣಿಗೆ ಕೂಡಿಸುವುದರಲ್ಲಿ ಆ ಓಟ ಆಮೇಲೆ ಲೋಕಕ್ಕೇ ದೊಡ್ಡದಾಯಿತು.

ಓಡುವವರ ನಡವಳಿಕೆ ನೋಡಬೇಕಾದರೆ ಓಡಬಾರದು, ನೀರಿನ ಟೇಬಲ್ಲಿನ ಹಿಂದೆ ನಿಲ್ಲಬೇಕು. ಮಂಡಿಯ ದೆಸೆಯಿಂದ ಒಂದು ವರ್ಷ ನನ್ನನ್ನು ಅಲ್ಲಿ ನಿಲ್ಲಿಸಿದರು. ಪಾದಯಾತ್ರೆಯವರಿಗೆ ದಾರಿಯುದ್ದಕ್ಕೂ ಇಡುವ ಅರವಟ್ಟಿಗೆಯೇ ಇದು, ಮಜ್ಜಿಗೆ ಪಾನಕ ಇಲ್ಲ ಅಷ್ಟೆ. ಲೋಟ ಕೊಡುವುದಕ್ಕೂ ಒಂದು ಪಟ್ಟು ಇದೆ. ಕಾಗದದ ಲೋಟಕ್ಕೆ ಅರ್ಧ ಮಾತ್ರ ನೀರು, ಅಂಗೈ ಬಿಡಿಸಿ ಅದರ ಮೇಲೆ ನಿಲ್ಲಿಸಿ ತೋಳು ಚಾಚಬೇಕು. ಬೆರಳಲ್ಲಿ ಹಿಡಿದರೆ ಓಡುವವನು ಎಳೆಯುವಾಗ ನೀರೆಲ್ಲ ನಿಮ್ಮ ಮುಖಕ್ಕೆ. ಜನ ಮೊದಲ ಟೇಬಲ್ಲಿಗೇ ಮುತ್ತುತ್ತಾರೆ, ಹತ್ತು ಹೆಜ್ಜೆ ಮುಂದಿನ ನಾಲ್ಕನೆಯದು ಖಾಲಿ ಹೊಡೆಯುತ್ತಿರುತ್ತದೆ. ಒಬ್ಬರು ಎರಡು ಲೋಟ ತೆಗೆದುಕೊಂಡು ಒಂದನ್ನು ತಲೆಗೆ ಸುರಿದುಕೊಂಡರು, ಇನ್ನೊಂದನ್ನು ಪಕ್ಕದವರ ಬೂಟಿಗೆ. ಹಸಿರು ಬಿನ್ನು ಐವತ್ತು ಹೆಜ್ಜೆ ದೂರದಲ್ಲೇ ಇತ್ತು. ಒಂಬತ್ತರ ಹೊತ್ತಿಗೆ ರಸ್ತೆಯಲ್ಲಿ ಡಾಂಬರು ಕಾಣುತ್ತಿರಲಿಲ್ಲ, ತುಳಿದು ಚಪ್ಪಟೆಯಾದ ಲೋಟಗಳೇ. ಒದ್ದೆ ಲೋಟ ಜಾರಿ ಒಬ್ಬ ಹುಡುಗಿ ಬಿದ್ದಳು, ಹಿಂದಿನವನು ತನ್ನ ಟೈಮು ಬಿಟ್ಟು ಅವಳನ್ನು ಎಬ್ಬಿಸಿ ಕೂರಿಸಿ ಹೋದ. ಪೊರಕೆ ಹಿಡಿದು ಕಾಯುತ್ತಿದ್ದ ಪೌರಕಾರ್ಮಿಕ ಹೆಂಗಸೊಬ್ಬರು "ಇವತ್ತು ಭಾನುವಾರ ನಮಗೆ ಅರ್ಧ ದಿನ ಅಂದಿದ್ರು ಮೇಡಂ" ಎಂದರು. ಅದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ನಾವು ಏಳೆಂಟು ಜನ ಬಗ್ಗಿ ಹೆಕ್ಕತೊಡಗಿದೆವು.

ಬ್ಯಾರಿಕೇಡಿನ ಆಚೆ ಒಂದು ಆಟೋ ಬೆಳಗಿನಿಂದ ಸಿಕ್ಕಿಕೊಂಡಿತ್ತು. ಚಾಲಕ ಇಳಿದು ಬಂದು, "ಓಡೋರಿಗೆ ಮಾತ್ರಾನಾ, ನಮಗೂ ಉಂಟಾ?" ಎಂದ. ಕೊಟ್ಟೆ. ಲೋಟ ಎತ್ತಿ, ತುಟಿಗೆ ತಾಗಿಸದೆ ಕುಡಿದು, ಇನ್ನೊಂದು ಕೇಳಿ ಒಳಗೆ ಕೂತಿದ್ದ ಪ್ಯಾಸೆಂಜರ್ ಅಜ್ಜಿಗೆ ಒಯ್ದುಕೊಟ್ಟ. ವಾಪಸ್ ಬಂದು ಎರಡೂ ಲೋಟ ಬಿನ್ನಿಗೆ ಹಾಕಿ ಕೇಳಿದ: "ಯಾರು ಮೇಡಂ ಫಸ್ಟ್ ಬಂದಿದ್ದು?"

ನಮ್ಮ ಟೇಬಲ್ಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಇಷ್ಟೆಲ್ಲ ರೋಡ್ ಬಂದ್ ಮಾಡಿ ಅದೇ ಗೊತ್ತಿಲ್ವಾ!" ಎಂದು ನಗುತ್ತ ಹೋಗಿ ಆಟೋ ಹತ್ತಿದ. ಪೊಲೀಸಿನವರು ಇನ್ನೂ ಹದಿನೈದು ನಿಮಿಷ ಎಂದರು.